ಅನ್ನದ ಲೆಕ್ಕ, ನೀರಿನ ಲೆಕ್ಕ

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಜನಸಂಖ್ಯೆ ಬೆಳೆದಂತೆ ಅನ್ನ ಸಾಲದೆ ಹೋಗುತ್ತದೆ ಎಂಬ ಭಯ ಹಳೆಯದು. ಅಂಕಿ-ಅಂಶಗಳು ಮಾತ್ರ ಬೇರೆಯದನ್ನೇ ಹೇಳುತ್ತವೆ. 1950-51ರಲ್ಲಿ ನಮ್ಮ ದೇಶ ಬೆಳೆದ ಆಹಾರಧಾನ್ಯ ಸುಮಾರು 5 ಕೋಟಿ ಟನ್. 2023-24ರಲ್ಲಿ ಸುಮಾರು 33 ಕೋಟಿ ಟನ್. ಇದೇ ಅವಧಿಯಲ್ಲಿ ಜನಸಂಖ್ಯೆ 36 ಕೋಟಿಯಿಂದ 140 ಕೋಟಿಯನ್ನು ದಾಟಿತು. ಜನ ನಾಲ್ಕು ಪಟ್ಟಾದರೆ ಧಾನ್ಯ ಆರು ಪಟ್ಟನ್ನೂ ಮೀರಿತು. ಹಾಗೆಂದು ಸಮತೋಲ ಸಾಧಿಸಿತೆನ್ನಲು, ಧಾನ್ಯ ಬೆಳೆಯುವ ನೆಲವನ್ನು ನೋಡಿದಾಗ, ನನಗೆ ಧೈರ್ಯ ಬರುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಬರಗಾಲಕ್ಕೆ ಹೆಸರಾಗಿದ್ದ ರಾಯಚೂರು ಸೀಮೆಯಲ್ಲಿ ನೀರನ್ನು ತೆಳುವಾಗಿ, ಸುಮಾರು 6 ಲಕ್ಷ ಎಕರೆಗೆ ಹಂಚಿ, ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಕಾಪಾಡುವುದು ಯೋಜಕರ ಉದ್ದೇಶವಾಗಿತ್ತು. ಆದರೆ ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ಅನುಭವಿ ಕೃಷಿಕರು ಭತ್ತ ಬೆಳೆದರು; ಸ್ಥಳೀಯರೂ ಅದೇ ಹಾದಿ ಹಿಡಿದರು. ಅವರನ್ನು ದೂಷಿಸಲಾಗದು. ಭತ್ತಕ್ಕೆ ಗಿರಣಿಯಿತ್ತು, ಸಾಲವಿತ್ತು, ಖಚಿತ ಮಾರುಕಟ್ಟೆಯಿತ್ತು. ಗಂಗಾವತಿ, ಸಿಂಧನೂರುಗಳು ಸಮೃದ್ಧವಾದವು. ನಾವಿಲ್ಲಿ ಕೊಳ್ಳುವ ಸೋನಾ ಮಸೂರಿಯಲ್ಲಿ ಆ ಸೀಮೆಯ ಪಾಲೂ ಇದೆ.

ಒಂದು ಎಕರೆ ಭತ್ತ ಕುಡಿಯುವ ನೀರು ಹಲವು ಎಕರೆ ಜೋಳಕ್ಕೆ ಸಾಕಾಗುತ್ತದೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿದಷ್ಟೂ ಮಾನ್ವಿ, ರಾಯಚೂರು ತಾಲೂಕುಗಳ ಕೊನೆಭಾಗದ ಹೊಲಗಳಿಗೆ ನೀರು ತಲುಪುವುದು ಅನಿಶ್ಚಿತವಾಯಿತು. ನಕ್ಷೆಯಲ್ಲಿ ನೀರಾವರಿ, ನೆಲದಲ್ಲಿ ಒಣಬೇಸಾಯ! ಈ ಜಿಲ್ಲೆಯಿಂದ ಗುಳೆ ಹೊರಟವರೇ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ಕಟ್ಟಡದ ಕೆಲಸಕ್ಕೆ ನಿಲ್ಲುತ್ತಾರೆ. ಅವರೂ ಹೊರನಾಡ ಕನ್ನಡಿಗರೇ ಎಂಬುದನ್ನು ನಮ್ಮ ಸಂಘಗಳು ಮರೆಯಬಾರದು.

ಇತ್ತ ಜಲಾಶಯವೂ ಕುಗ್ಗುತ್ತಿದೆ. ಮೊದಲು ಸುಮಾರು 133 ಟಿ.ಎಂ.ಸಿ. ಇದ್ದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಎಷ್ಟು ಬದುಕುಗಳು ಆ ನೀರನ್ನು ನೆಚ್ಚಿವೆಯೆಂಬುದು ನಾಡಿಗೇ ತಿಳಿಯಿತು.

ಪರಿಹಾರವೇನು? ಭತ್ತ ಬಿಡಿರೆಂದು ರೈತನಿಗೆ ಉಪದೇಶಿಸುವುದು ಸುಲಭ. ಜೋಳಕ್ಕೆ ಬೆಂಬಲ ಬೆಲೆ ಘೋಷಿಸಿದರಷ್ಟೇ ಸಾಲದು. ಖರೀದಿ ಕೇಂದ್ರ ಸಕಾಲದಲ್ಲಿ ತೆರೆಯಬೇಕು, ಹಣ ತಡವಿಲ್ಲದೆ ಸೇರಬೇಕು. ಪ್ರತಿ ಉಪಕಾಲುವೆಯಲ್ಲೂ ನೀರನ್ನು ಅಳೆದು, ಆ ಲೆಕ್ಕವನ್ನು ಕೊನೆಭಾಗದ ರೈತರ ಮುಂದಿಡಬೇಕು. ಮೂರನೆಯದಾಗಿ, ಬೆಳೆಯನ್ನು ಆಧರಿಸಿದ ಉದ್ಯೋಗಗಳು ಅಲ್ಲಿಯೇ ಹುಟ್ಟಬೇಕು. ದೇಶದ ದುಡಿಯುವ ಜನರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಕೃಷಿಯಲ್ಲಿದ್ದಾರೆ. ರಾಷ್ಟ್ರೀಯ ವರಮಾನದಲ್ಲಿ ಕೃಷಿಯ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆ. ಈ ಅಂತರ ಉಳಿದಿರುವವರೆಗೆ ಗುಳೆ ನಿಲ್ಲದು.

ಒಟ್ಟು ಟನ್ನುಗಳ ಲೆಕ್ಕದೊಡನೆ, ನೀರು ಯಾರ ಹೊಲವನ್ನು ತಲುಪಿತು ಎಂಬ ಲೆಕ್ಕವನ್ನೂ ನಮ್ಮ ಸರಕಾರಗಳಿಂದ ಕೇಳೋಣ. ಊರು ಬಿಟ್ಟು ಬಂದ ನಮಗೆ ಆ ಹಕ್ಕೂ ಇದೆ, ಹೊಣೆಯೂ ಇದೆ.