ನುಡಿದವನು ಒಬ್ಬ, ಅರ್ಥ ಬಿಡಿಸಿದವರು ಹಲವರು



ಕನಕದಾಸರ ಊರಿನಲ್ಲಿ ನಿಂತು ಇಂಗ್ಲೆಂಡಿನ ಜ್ಯೋತಿಷಿಯೊಬ್ಬನ ಕಥೆ ಹೇಳಬೇಕೇ ಎಂದು ಕೆಲವರಿಗಾದರೂ ಅನ್ನಿಸಿರಬೇಕು. ಆದರೆ ಭವಿಷ್ಯಕ್ಕೂ ಗದ್ದುಗೆಗೂ ಇರುವ ನಂಟು ಎಂಥದ್ದೆಂದು ನಮ್ಮ ಸೀಮೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿಗೆ, ಹೊಳೆಯಾಚೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕಾರ್ಣಿಕ ಆಗುತ್ತದೆ. ವ್ರತ ಹಿಡಿದ ಗೊರವಪ್ಪ ಎತ್ತರದ ಬಿಲ್ಲೇರಿ ‘ಸದ್ದಲೇ’ ಎಂದರೆ ಸಾಕು, ಕಣ್ಣು ಹಾಯುವಷ್ಟು ದೂರ ನಿಂತ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಒಂದು ಮಾತು, ಕೊನೆಗೊಂದು ‘ಪರಾಕ್’. ಮೇಲಿನಿಂದ ಬೀಳುವ ಅವನನ್ನು ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ಅಲ್ಲಿಗೆ ಗೊರವಪ್ಪನ ಕೆಲಸ ಮುಗಿಯಿತು. ನಮ್ಮದು ಶುರುವಾಗುವುದು ಆಮೇಲೆ. ಒಕ್ಕಲಿಗ ಆ ಮಾತಿನಲ್ಲಿ ಮಳೆ ಹುಡುಕುತ್ತಾನೆ, ವ್ಯಾಪಾರಿ ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಧಾರಣೆ ಹುಡುಕುತ್ತಾನೆ, ಪಕ್ಷದವರು ಕುರ್ಚಿ ಹುಡುಕುತ್ತಾರೆ. 2023ರ ಚುನಾವಣೆಗೆ ಮುಂಚೆ ಮೈಲಾರದಲ್ಲಿ ಅಂಬಲಿ ಹಳಸಿ ಕಂಬಳಿ ಬೀಸಿದ ಮಾತು ಬಂತು. ಕಂಬಳಿ ಎಂದರೆ ಕುರುಬರು, ಕುರುಬರೆಂದರೆ ಸಿದ್ದರಾಮಯ್ಯ ಎಂದು ಲೆಕ್ಕ ಹಾಕಿದವರಿದ್ದರು. ಮೇ 20ಕ್ಕೆ ಅವರು ಪ್ರಮಾಣವಚನ ತೆಗೆದುಕೊಂಡಾಗ ಆ ಲೆಕ್ಕದವರು ಗೆದ್ದರು. ಬೇರೆ ಲೆಕ್ಕ ಹಾಕಿದ್ದವರನ್ನು ಯಾರೂ ಕರೆದು ಕೇಳಲಿಲ್ಲ. ಈ ‘ಯಾರೂ ಕೇಳಲಿಲ್ಲ’ ಎಂಬುದೇ ಇವತ್ತಿನ ನನ್ನ ವಿಷಯ. ಏಕೆಂದರೆ ಈಗ ಹೇಳಹೊರಟಿರುವ ಮನುಷ್ಯನನ್ನು ಕರೆದು ಕೇಳಿದರು, ಅದೂ ಒಂದಕ್ಕಿಂತ ಹೆಚ್ಚು ಸಲ.

ವಿಲಿಯಂ ಲಿಲಿ ಹುಟ್ಟಿದ್ದು 1602ರಲ್ಲಿ, ಲೆಸ್ಟರ್‌ಶೈರಿನ ಡೈಸ್‌ವರ್ತ್ ಎಂಬ ಹಳ್ಳಿಯ ಒಕ್ಕಲು ಮನೆತನದಲ್ಲಿ. ಲ್ಯಾಟಿನ್ ಚೆನ್ನಾಗಿ ಕಲಿತರೂ ಅಪ್ಪನ ಕೈ ಬರಿದಾಗಿ ಮುಂದಿನ ಓದು ನಿಂತಿತು. 1620ರಲ್ಲಿ ಲಂಡನ್ನಿಗೆ ಬಂದು, ಓದು ಬರಹ ಬಾರದ ಸಾಹುಕಾರನೊಬ್ಬನ ಮನೆಯಲ್ಲಿ ಆಳಾಗಿ ಸೇರಿದ. ನೀರು ಹೊತ್ತ, ಬೂಟು ಒರೆಸಿದ. ಸಾಹುಕಾರ ತೀರಿಕೊಂಡ ಮೇಲೆ ಅವನ ವಿಧವೆಯನ್ನೇ ಮದುವೆಯಾದ. ಆಕೆಯೂ ತೀರಿಕೊಂಡಾಗ ಆಸ್ತಿ ಇವನ ಪಾಲಿಗೆ ಬಂತು. ಅಷ್ಟರಲ್ಲಿ ಜ್ಯೋತಿಷ ಕಲಿತಿದ್ದ. ಮುಂದೆ 1647ರಲ್ಲಿ ಆ ಶಾಸ್ತ್ರದ ದೊಡ್ಡ ಗ್ರಂಥವೊಂದನ್ನು ಲ್ಯಾಟಿನ್ ಬಿಟ್ಟು ಇಂಗ್ಲಿಷಿನಲ್ಲೇ ಬರೆದ.

ಅವನ ಅದೃಷ್ಟ ಖುಲಾಯಿಸಿದ್ದಕ್ಕೆ ಗ್ರಹಗಳಿಗಿಂತ ಅಚ್ಚುಕೂಟವೇ ಕಾರಣ ಎನ್ನಬೇಕು. 1641ರಲ್ಲಿ ಸ್ಟಾರ್ ಚೇಂಬರ್ ಎಂಬ ರಾಜನ ನ್ಯಾಯಾಲಯ ರದ್ದಾಗಿ ಮುದ್ರಣದ ಮೇಲಿನ ಬಿಗಿ ಸಡಿಲಿತು. ಮರುವರ್ಷ ರಾಜ ಮೊದಲನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ನಾಳೆ ಏನೋ ಎಂಬ ಭಯ, ಕೈಗೆಟುಕುವ ಬೆಲೆಯ ಪಂಚಾಂಗ, ಎರಡೂ ಒಂದೇ ಕಾಲಕ್ಕೆ ಕೂಡಿಬಂದವು. ಲಿಲಿಯ ಮೊದಲ ಪಂಚಾಂಗ ಬಂದದ್ದು 1644ರಲ್ಲಿ. ಐದು ವರ್ಷ ಕಳೆಯುವಷ್ಟರಲ್ಲಿ ವರ್ಷಕ್ಕೆ ಸುಮಾರು 30 ಸಾವಿರ ಪ್ರತಿ ಹೋಗುತ್ತಿದ್ದವು.

ಅವನು ಪಾರ್ಲಿಮೆಂಟಿನ ಕಡೆ. ರಾಜನ ಕಡೆಗೂ ಒಬ್ಬ ಜ್ಯೋತಿಷಿ ಇದ್ದ, ಜಾರ್ಜ್ ವಾರ್ಟನ್. ಒಂದೇ ಆಕಾಶ, ಅವವೇ ಗ್ರಹಗಳು. 1645ರ ಮೇ ತಿಂಗಳಲ್ಲಿ ರಾಜನ ದಂಡಯಾತ್ರೆಗೆ ಜಯವಿದೆ ಎಂದು ವಾರ್ಟನ್ ಬರೆದ. ಜೂನಿನಲ್ಲಿ ಕಾದಿದರೆ ಗೆಲುವು ಪಾರ್ಲಿಮೆಂಟಿಗೆ ಎಂದು ಲಿಲಿ ಬರೆದ. ಜೂನ್ 14ರಂದು ನೇಸ್ಬಿಯಲ್ಲಿ ರಾಜನ ಸೈನ್ಯ ಮುರಿದು ಬಿತ್ತು. ಅಂದಿನಿಂದ ಲಿಲಿಯ ಮಾತಿಗೆ ತೋಪಿನಷ್ಟು ಬೆಲೆ. 1648ರಲ್ಲಿ ಕೋಲ್ಚೆಸ್ಟರ್ ಕೋಟೆಗೆ ಮುತ್ತಿಗೆ ಹಾಕಿ ಬೇಸತ್ತಿದ್ದ ಸೈನಿಕರಿಗೆ ‘ಗೆಲುವು ಹತ್ತಿರವಿದೆ’ ಎಂದು ಧೈರ್ಯ ತುಂಬಲು ಅವನನ್ನೂ ಜಾನ್ ಬುಕರ್ ಎಂಬ ಇನ್ನೊಬ್ಬ ಜ್ಯೋತಿಷಿಯನ್ನೂ ಶಿಬಿರಕ್ಕೇ ಕರೆಸಿಕೊಂಡರು. ಸರ್ಕಾರ ವರ್ಷಕ್ಕೆ 100 ಪೌಂಡ್ ವೇತನವನ್ನೂ ಗೊತ್ತುಮಾಡಿತು.

ಇನ್ನೊಂದು ಮಗ್ಗುಲು ಕೇಳಿ. 1647ರಲ್ಲಿ, ರಾಜ ಸೆರೆಯಲ್ಲಿದ್ದಾಗ, ಜೇನ್ ಹೋರ್‌ವುಡ್ ಎಂಬ ರಾಜನಿಷ್ಠೆಯ ಹೆಂಗಸು ಲಿಲಿಯ ಮನೆಗೇ ಬಂದು, ದೊರೆ ತಪ್ಪಿಸಿಕೊಂಡರೆ ಎಲ್ಲಿ ಅಡಗಬೇಕು ಎಂದು ಕೇಳಿದಳು. ಲಿಲಿ ಕುಂಡಲಿ ಹಾಕಿದ, ಲಂಡನ್ನಿನಿಂದ 20 ಮೈಲಿ ದೂರದ ಎಸೆಕ್ಸ್ ಸೀಮೆ ಎಂದ. ಆಕೆ ಮರಳುವಷ್ಟರಲ್ಲಿ ರಾಜ ಬೇರೆಯೇ ದಿಕ್ಕಿಗೆ, ವೈಟ್ ದ್ವೀಪಕ್ಕೆ ಓಡಿ, ಅಲ್ಲಿನ ಕೋಟೆಯಲ್ಲಿ ಮತ್ತೆ ಸೆರೆಯಾಗಿದ್ದ. ಮರುವರ್ಷ ಆಕೆ ಪುನಃ ಬಂದಳು. ಈ ಸಲ ಕಿಟಕಿಯ ಸರಳು ಕತ್ತರಿಸಲು ಗರಗಸ ಮತ್ತು ಆಮ್ಲದ ಏರ್ಪಾಟು ಮಾಡಿಕೊಟ್ಟದ್ದೂ ಲಿಲಿಯೇ. ಇದನ್ನು ಅವನ ವೈರಿಗಳು ಹೇಳಿದ್ದಲ್ಲ, ತನ್ನ ಆತ್ಮಕಥೆಯಲ್ಲಿ ತಾನೇ ಬರೆದಿಟ್ಟ. ಒಂದು ಕಡೆ ರಾಜನ ವೈರಿಗಳ ದಂಡಿಗೆ ಹುರುಪು, ಇನ್ನೊಂದು ಕಡೆ ರಾಜನಿಗೆ ಗರಗಸ. ಈ ಮನುಷ್ಯನಿಗೆ ನಮ್ಮ ಇಂದಿನ ರಾಜಕಾರಣ ಹೊಸದೆನಿಸುತ್ತಿರಲಿಲ್ಲ.

ಅವನನ್ನು ಹಾಗೆ ಕರೆದು ಕೇಳಿದ ಒಂದು ಸಲ 1652ರಲ್ಲಿ. ಮರುವರ್ಷದ ಪಂಚಾಂಗದಲ್ಲಿ ‘ಪಾರ್ಲಿಮೆಂಟಿನ ಬುಡ ಅಲುಗಾಡುತ್ತಿದೆ, ಜನ ಮತ್ತು ಸೈನ್ಯ ಸೇರಿ ಅದನ್ನು ಕೆಡವುತ್ತಾರೆ’ ಎಂಬರ್ಥದ ಮಾತು ಬರೆದಿದ್ದ. ಸಂಬಳ ಕೊಟ್ಟವರಿಗೇ ಸಿಟ್ಟು ಬಂತು. ವಿಚಾರಣೆಯ ಸುದ್ದಿ ತಿಳಿದವನೇ ಅಚ್ಚುಕೂಟಕ್ಕೆ ಹೋಗಿ, ಆ ಸಾಲುಗಳಿಲ್ಲದ ಆರು ಪ್ರತಿ ಬೇರೆಯಾಗಿ ಅಚ್ಚು ಹಾಕಿಸಿದ. ‘ಸ್ವಾಮಿ, ನನ್ನ ಪುಸ್ತಕ ಇದು, ನಿಮ್ಮ ಕೈಯಲ್ಲಿರುವುದು ವೈರಿಗಳ ಕೃತ್ರಿಮ’ ಎಂದು ಸಮಿತಿಯ ಮುಂದೆ ಇಟ್ಟ. ಆದರೂ 13 ದಿನ ಸೆರೆ ತಪ್ಪಲಿಲ್ಲ. 1653ರ ಏಪ್ರಿಲ್‌ನಲ್ಲಿ ದಂಡನಾಯಕ ಕ್ರಾಮ್‌ವೆಲ್ ಸೈನಿಕರನ್ನು ಕರೆತಂದು ಆ ಪಾರ್ಲಿಮೆಂಟನ್ನು ಎಬ್ಬಿಸಿ ಕಳಿಸಿದ. ಭವಿಷ್ಯ ನಿಜವಾಯಿತು. ಆದರೆ ಸೈನ್ಯದ ಅಸಮಾಧಾನ ಅರಿಯಲು ಶನಿ ಗುರುಗಳನ್ನು ನೋಡಬೇಕಿರಲಿಲ್ಲ, ಲಂಡನ್ನಿನ ಬೀದಿಗೆ ಕಿವಿಗೊಟ್ಟರೆ ಸಾಕಿತ್ತು. ಲಿಲಿಯ ನಿಜವಾದ ವಿದ್ಯೆ ಇದ್ದದ್ದು ಅಲ್ಲೇ ಎಂಬುದು ನನ್ನ ಅಭಿಪ್ರಾಯ. ಆಕಾಶವನ್ನಷ್ಟೇ ನಂಬಿದಾಗ ಅವನೂ ಎಡವಿದ. 1652ರ ಮಾರ್ಚ್ 29ರ ಸೂರ್ಯಗ್ರಹಣಕ್ಕೆ ಅವನೂ ಇತರರೂ ಕತ್ತಲ ವರ್ಷವನ್ನೇ ಸಾರಿದ್ದರು. ಹೆದರಿದ ಜನ ಅಂಗಡಿ ಮುಚ್ಚಿದರು, ಊರು ಬಿಟ್ಟರು. ಹೇಳಿದಂಥ ಕತ್ತಲೆ ಕವಿಯಲೇ ಇಲ್ಲ.

ಕರೆದು ಕೇಳಿದ ಇನ್ನೊಂದು ಸಲ 1666ರಲ್ಲಿ. ಸೆಪ್ಟೆಂಬರಿನಲ್ಲಿ ಲಂಡನ್ ಸುಟ್ಟಿತು. 1651ರ ಅವನ ಪುಸ್ತಕವೊಂದರಲ್ಲಿ ಉರಿಯುವ ಊರಿನ ಚಿತ್ರವಿತ್ತು. ಅಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. 1666ರದೇ ಏಪ್ರಿಲ್‌ನಲ್ಲಿ, ಲಂಡನ್ನಿಗೆ ಬೆಂಕಿಯಿಡಲು ಹೊರಟು ಸಿಕ್ಕಿಬಿದ್ದ ಸಂಚುಕೋರರು ಲಿಲಿಯ ಪಂಚಾಂಗ ನೋಡಿಯೇ ಸೆಪ್ಟೆಂಬರ್ 3ನ್ನು ಒಳ್ಳೆಯ ದಿನವೆಂದು ಆರಿಸಿಕೊಂಡಿದ್ದರಂತೆ. ಅಕ್ಟೋಬರ್ 25ರಂದು ಸಂಸತ್ತಿನ ಸಮಿತಿ ಕರೆಸಿ ಕೇಳಿತು. ಬೆಂಕಿಯ ಸೂಚನೆ ಕಂಡಿದ್ದೆ, ವರ್ಷ ತಿಳಿದಿರಲಿಲ್ಲ, ಇದು ಮನುಷ್ಯರ ಕೃತ್ಯವಲ್ಲ ಎಂದ. ಬಿಟ್ಟರು. 1681ರಲ್ಲಿ ತೀರಿಕೊಂಡ.

ಈಗ ಬಿಲ್ಲಿನ ಕೆಳಗೆ ಬರೋಣ. ನುಡಿಯುವವನು, ಅರ್ಥ ಹೇಳುವವನು, ಮಾರುವವನು ಮೂವರೂ ಲಿಲಿಯಲ್ಲಿ ಒಬ್ಬನೇ. ಆದ್ದರಿಂದ ತಪ್ಪಿದರೆ ಹಿಡಿಯಲು ಒಂದು ಕುತ್ತಿಗೆಯಾದರೂ ಇತ್ತು. ನಮ್ಮ ಗೊರವಪ್ಪ ಯಾವ ಪಕ್ಷದ ಹೆಸರನ್ನೂ ಎತ್ತುವುದಿಲ್ಲ, ವಿವರಣೆಯ ಗೊಡವೆಗೂ ಹೋಗುವುದಿಲ್ಲ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ದೂರಿರುವುದು ಆ ಮಾತಿಗೆ ಸಂಜೆಯೊಳಗೆ ಪಕ್ಷದ ಬಣ್ಣ ಬಳಿಯುವವರ ಮೇಲೆ. ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮಾತನ್ನೇ ನೋಡಿ. 2013ರಲ್ಲಿ ಸಿದ್ದರಾಮಯ್ಯ ಹೋದರು, ಐದು ವರ್ಷ ಪೂರ್ತಿ ಆಳಿದರು. ಆ ಹೆದರಿಕೆ ಹುಟ್ಟಿಸಿದವರಲ್ಲಿ ಯಾರನ್ನಾದರೂ ಯಾರಾದರೂ ಪ್ರಶ್ನಿಸಿದರೇ?

ಆದ್ದರಿಂದ ಇಲ್ಲಿರುವ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಈ ಸಲದ ಮಹಾನವಮಿಗೆ ದೇವರಗುಡ್ಡಕ್ಕೆ ಹೋಗಿ, ಭಂಡಾರ ಹಚ್ಚಿಕೊಳ್ಳಿ, ಕಾರ್ಣಿಕ ಕೇಳಿ. ಅಂದೇ ಯಾರು ಯಾರು ಏನೇನು ಅರ್ಥ ಹೇಳಿದರು ಎಂದು ಹೆಸರು, ತಾರೀಖು ಹಾಕಿ ನೋಟುಬುಕ್ಕಿನಲ್ಲಿ ಬರೆದಿಡಿ. ಮುಂದಿನ ಮಹಾನವಮಿಗೆ ಅದನ್ನು ಇದೇ ವೇದಿಕೆಗೆ ತಂದು ಓದಿ.