ತೂಬಿನ ಕಾವಲು



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಿರಿಯರಿಗೆ ನೀರುಗಂಟಿ ಯಾರೆಂದು ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಗೆ ಕೆರೆಯೇ ಆಧಾರವಾಗಿತ್ತು. ತೂಬನ್ನು ರೈತರು ತಾವೇ ಎತ್ತುವಂತಿರಲಿಲ್ಲ, ನೀರುಗಂಟಿಯನ್ನು ಕೇಳಬೇಕಿತ್ತು. ಆತ ಸರದಿ ನೋಡಿ, ಗದ್ದೆ ನೋಡಿ ನೀರು ಬಿಡುತ್ತಿದ್ದ.

ಗಣಕಯಂತ್ರದೊಳಗೂ ಇಂಥದೊಂದು ಏರ್ಪಾಡಿದೆ. ಒಂದೇ ಯಂತ್ರದಲ್ಲಿ ಹಲವರ ಆಪರೇಟಿಂಗ್ ಸಿಸ್ಟಂಗಳು ಅತಿಥಿಗಳಂತೆ ನಡೆಯುವಾಗ, ಅವುಗಳ ನಡುವೆ ನ್ಯಾಯವಾಗಿ ಹಂಚುವ ತಂತ್ರಾಂಶವೇ ಹೈಪರ್‌ವೈಸರ್. ಅತಿಥಿಯ ಕರ್ನಲ್ ಅದಕ್ಕೆ ಸಲ್ಲಿಸುವ ಕೋರಿಕೆಗೆ ಹೈಪರ್‌ಕಾಲ್ ಎಂದು ಹೆಸರು.

ಹೊಸ ಹೈಪರ್‌ಕಾಲ್ ಪರಿಶೀಲನೆಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಮೂರು. ಇದಿಲ್ಲದೆ ಕೆಲಸ ನಡೆಯುವುದಿಲ್ಲವೇ? ಒಮ್ಮೆ ಬಳಕೆಗೆ ಬಂದ ಮೇಲೆ ಹಳೆಯ ಅತಿಥಿಗಳಿಗಾಗಿ ಇದನ್ನು ಉಳಿಸಿಕೊಂಡೇ ಹೋಗಬಲ್ಲೆವೇ? ಅತಿಥಿ ಕೊಡುವ ಪ್ರತಿಯೊಂದು ಅಂಕಿಯನ್ನೂ ತಾಳೆ ನೋಡಿದ್ದೇವೆಯೇ?

ಮೂರನೆಯದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಝೆನ್ ಹೈಪರ್‌ವೈಸರ್‌ನ ಉದಾಹರಣೆ ಇದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಮೆಮೊರಿ ಪುಟಗಳನ್ನು ವಿನಿಮಯ ಮಾಡಿಕೊಳ್ಳುವ ಹೈಪರ್‌ಕಾಲ್ ಒಂದು ಅದರಲ್ಲಿದೆ. ಕೆಲಸ ದೀರ್ಘವಾದರೆ ನಡುವೆ ನಿಲ್ಲಿಸಿ ಮುಂದುವರಿಸಲು, ಎಷ್ಟು ಮುಗಿಯಿತು ಎಂಬ ಲೆಕ್ಕವನ್ನು ಅತಿಥಿಯ ಕೋರಿಕೆಯಲ್ಲೇ ಬರೆದಿಡುತ್ತಿದ್ದರು. ಅತಿಥಿ ಅದನ್ನು ಸೊನ್ನೆಯಿಂದ ಆರಂಭಿಸತಕ್ಕದ್ದೆಂದು ನಿಯಮವೂ ಇತ್ತು.

ಈ ಕೋರಿಕೆಯಲ್ಲಿ ದೋಷವಿದೆಯೆಂದು 2012ರಲ್ಲಿ ಒಂದು ತಿದ್ದುಪಡಿ ಬಂತು. ಅದು ವಿಳಾಸದ ಮೊದಲನ್ನು ನೋಡಿತು. ಮುಗಿದ ಕೆಲಸದ ಲೆಕ್ಕವನ್ನು ಮಾತ್ರ ನಂಬಿತು. ಗದ್ದೆಯ ಮೊದಲ ಬದು ನೋಡಿ ಒಪ್ಪಿಕೊಂಡು, "ಇಷ್ಟು ದೂರ ಆಗಲೇ ನೀರಾಗಿದೆ, ಮುಂದಿನಿಂದ ಬಿಡಿ" ಎಂದವನ ಮಾತಿಗೆ ಪಕ್ಕದವನ ಗದ್ದೆಗೆ ನೀರು ಹರಿಸಿದ ಹಾಗೆ! ಗೂಗಲ್ ಪ್ರಾಜೆಕ್ಟ್ ಝೀರೊದ ಯಾನ್ ಹಾರ್ನ್ ಇದನ್ನು ಕಂಡುಹಿಡಿದರು. 2017ರ ಏಪ್ರಿಲ್‌ನಲ್ಲಿ ವಿಷಯ ಪ್ರಕಟವಾಯಿತು. ಅಲ್ಲಿಯವರೆಗೆ, ನಾಲ್ಕು ವರ್ಷಕ್ಕೂ ಮೇಲ್ಪಟ್ಟು, ಒಬ್ಬ ಅತಿಥಿ ಇಡೀ ಯಂತ್ರವನ್ನೇ ವಶಪಡಿಸಿಕೊಳ್ಳುವ ದಾರಿ ತೆರೆದಿತ್ತು. ಅದೇ ಯಂತ್ರದಲ್ಲಿ ಇನ್ನೊಬ್ಬರ ವ್ಯಾಪಾರದ ಲೆಕ್ಕವೋ ರೋಗಿಗಳ ದಾಖಲೆಯೋ ಇದ್ದರೆ ಅವರ ಗತಿಯೇನು?

ಆದ್ದರಿಂದ ಕಾವಲುಗಾರ ತನ್ನ ಲೆಕ್ಕದ ಪುಸ್ತಕವನ್ನು ಕೇಳಲು ಬಂದವನ ಕೈಗೆ ಕೊಡಬಾರದು; ಕೊಟ್ಟರೆ, ಹಿಂದಕ್ಕೆ ಪಡೆದಾಗಲೆಲ್ಲ ಮೊದಲಿನಿಂದ ತಾಳೆ ನೋಡಬೇಕು. ನಿಯಮ ಬರೆದಿಟ್ಟ ಮಾತ್ರಕ್ಕೆ ಎಲ್ಲರೂ ಪಾಲಿಸುವುದಿಲ್ಲ. ಇನ್ನು ದೋಷ ಸರಿಪಡಿಸಲು ಬಂದ ತಿದ್ದುಪಡಿಯನ್ನು, ಹೊಸ ತೂಬನ್ನು ನೋಡುವಷ್ಟೇ ಎಚ್ಚರದಿಂದ ನೋಡಬೇಕು.