ಗುಜರಿಗೆ ಹೋದ ‘ಮೈಸೂರು’, ದಡ ಸೇರಿದ ‘ಚಾಪೆಲ್’



ನೆಲ್ಯಹುದಿಕೇರಿಯಲ್ಲಿ ಯುದ್ಧನೌಕೆಯ ಮಾತೇಕೆ ಎಂದು ಕೆಲವರಿಗೆ ಅನ್ನಿಸೀತು. ಇಲ್ಲಿ ಪಕ್ಕದಲ್ಲಿ ಹರಿಯುವುದು ಕಾವೇರಿ. ಕಡಲು ಘಟ್ಟದ ಆಚೆಗಿದೆ. ಕೊಡಗಿನವರಿಗೆ ಸೇನೆ ಎಂದೊಡನೆ ನೆನಪಾಗುವವರು ಕಾರ್ಯಪ್ಪ ಮತ್ತು ತಿಮ್ಮಯ್ಯ. ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅದರ ಅಂಗಳದಲ್ಲಿ ನಿವೃತ್ತ ಟ್ಯಾಂಕೊಂದು ನಿಂತಿದೆ. ಟ್ಯಾಂಕನ್ನು ಉಳಿಸಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲ. ಗಟ್ಟಿಯಾದ ಒಂದು ಕಟ್ಟೆ, ಆಗಾಗ ಒಂದಿಷ್ಟು ಬಣ್ಣ ಇದ್ದರೆ ಸಾಕು. ಆದರೆ ಉಪ್ಪುನೀರಿನಲ್ಲಿ ತೇಲುವ ಸಾವಿರಾರು ಟನ್ ಉಕ್ಕನ್ನು ಉಳಿಸುವುದು ಹೇಗೆ? ನಮ್ಮ ನಾಡಿನ ಹೆಸರನ್ನೇ ಹೊತ್ತಿದ್ದ ಒಂದು ಹಡಗಿನ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಅದು ಐಎನ್‌ಎಸ್ ಮೈಸೂರು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1939ರಲ್ಲಿ; ಆಗಿನ ಹೆಸರು ‘ನೈಜೀರಿಯಾ’. ಇದು ಕ್ರೂಸರ್ ಜಾತಿಯ ಹಡಗು, ಎಂದರೆ ಭಾರಿ ಬ್ಯಾಟಲ್‌ಶಿಪ್‌ಗಿಂತ ಚಿಕ್ಕದು, ಆದರೆ ವೇಗದ್ದು. ಎರಡನೇ ಮಹಾಯುದ್ಧದಲ್ಲಿ, 1942ರ ಆಗಸ್ಟ್‌ನಲ್ಲಿ, ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಕಾವಲಾಗಿ ಹೋದಾಗ ಇಟಲಿಯ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ ಇದರ 52 ಮಂದಿ ಸತ್ತರು. ಹಡಗು ಮಾತ್ರ ಮುಳುಗದೆ ಉಳಿಯಿತು. 1954ರಲ್ಲಿ ಭಾರತ ಇದನ್ನು ಕೊಂಡು, ದುರಸ್ತಿ ಮಾಡಿಸಿ, 1957ರ ಆಗಸ್ಟ್ 29ರಂದು ‘ಮೈಸೂರು’ ಎಂದು ನೌಕಾಪಡೆಗೆ ಸೇರಿಸಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ದಂಡನಾಯಕರಾಗಿದ್ದ ರಿಯರ್ ಅಡ್ಮಿರಲ್ ಇ.ಸಿ. ಕುರುವಿಲ ಅವರ ಬಾವುಟ ಹಾರಿದ್ದು ಇದರ ಮೇಲೆಯೇ. 1985ರ ಆಗಸ್ಟ್ 20ರಂದು ಹಡಗು ನಿವೃತ್ತವಾಯಿತು. ಆಮೇಲೆ ಅದನ್ನು ಒಡೆದುಹಾಕಲಾಯಿತು.

ಹಡಗನ್ನು ಒಡೆಯುವುದೇಕೆ? ಲೆಕ್ಕ ಸರಳವಾಗಿದೆ. ಸೇವೆ ಮುಗಿದ ಹಡಗಿಗೆ ಸಂಪಾದನೆಯಿಲ್ಲ, ಖರ್ಚು ಮಾತ್ರ ನಿಲ್ಲುವುದಿಲ್ಲ. ಉಪ್ಪುನೀರು ತಳವನ್ನು ತಿನ್ನುತ್ತಲೇ ಇರುತ್ತದೆ. ಆಗಾಗ ಅದನ್ನು ನೀರಿಲ್ಲದ ಹಡಗುಕಟ್ಟೆಗೆ ತಂದು, ತುಕ್ಕು ಕೆರೆದು, ತೂತು ಬಿದ್ದ ತಗಡು ಬದಲಿಸಬೇಕು. ಒಂದೆರಡು ಸಲ ಬಿಟ್ಟರೆ ನೀರು ಒಳನುಗ್ಗುತ್ತದೆ. ಅತ್ತ ಗುಜರಿಯವರ ಕಣ್ಣಿಗೆ ಅದು ಉಕ್ಕು, ತಾಮ್ರ, ಹಿತ್ತಾಳೆ. ಗ್ಯಾಸ್ ಕಟರ್ ಹಿಡಿದ ಕೂಲಿಯಾಳುಗಳು ಕೆಲವೇ ತಿಂಗಳಲ್ಲಿ ಅದನ್ನು ತುಂಡು ತುಂಡಾಗಿಸುತ್ತಾರೆ.

ಹಡಗುಗಳ ದೇಶವೆಂದೇ ಹೆಸರಾದ ಬ್ರಿಟನ್ ಕೂಡ ಈ ಲೆಕ್ಕಕ್ಕೆ ಸೋತಿತು. ಎರಡೂ ಮಹಾಯುದ್ಧಗಳಲ್ಲಿ ಕಾದಾಡಿದ ‘ವಾರ್‌ಸ್ಪೈಟ್’ 1947ರಲ್ಲಿ ಗುಜರಿಗೆ ಸಾಗುವ ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಕಾರ್ನ್‌ವಾಲ್‌ನ ಬಂಡೆಗೆ ಬಡಿಯಿತು. ಒಡೆಯುವವರು ಅಲ್ಲಿಗೇ ಹೋದರು. ಕೊನೆಯ ಬ್ಯಾಟಲ್‌ಶಿಪ್ ‘ವ್ಯಾನ್‌ಗಾರ್ಡ್’ 1960ರಲ್ಲಿ ಅದೇ ಹಾದಿ ಹಿಡಿಯಿತು. ಇಪ್ಪತ್ತನೇ ಶತಮಾನದ ಒಂದೇ ಒಂದು ಬ್ಯಾಟಲ್‌ಶಿಪ್ ಕೂಡ ಇಂದು ಬ್ರಿಟನ್ನಿನಲ್ಲಿಲ್ಲ. ಅಮೆರಿಕದಲ್ಲಿ 8 ಉಳಿದಿವೆ.

ಆದರೆ ಬ್ರಿಟನ್ ಒಂದು ಕ್ರೂಸರನ್ನು ಉಳಿಸಿಕೊಂಡಿತು. ಆ ಪ್ರಸಂಗದ ಆರಂಭದಲ್ಲಿ ನಮ್ಮ ‘ಮೈಸೂರಿನ’ ಒಡಹುಟ್ಟೊಂದು ಬರುತ್ತದೆ. 1967ರಲ್ಲಿ ಲಂಡನ್ನಿನ ಯುದ್ಧ ವಸ್ತುಸಂಗ್ರಹಾಲಯದವರು ಒಂದು ಫಿರಂಗಿ ಗೋಪುರವನ್ನಾದರೂ ಉಳಿಸೋಣವೆಂದು, ಮೈಸೂರಿನ ವರ್ಗದ್ದೇ ಆದ ‘ಗ್ಯಾಂಬಿಯಾ’ ಹಡಗನ್ನು ನೋಡಲು ಹೋದರು. ಬರೀ ಗೋಪುರವೇಕೆ, ಇಡೀ ಹಡಗನ್ನೇ ಉಳಿಸಬಾರದೇಕೆ ಎಂಬ ಯೋಚನೆ ಹುಟ್ಟಿದ್ದು ಅಲ್ಲಿ. ಗ್ಯಾಂಬಿಯಾ ತೀರಾ ಹಾಳಾಗಿತ್ತು. ಹತ್ತಿರದ ಬಂಧುವಾದ ‘ಬೆಲ್‌ಫಾಸ್ಟ್’ ಗಟ್ಟಿಯಾಗಿತ್ತು. 1971ರಲ್ಲಿ ಸರ್ಕಾರ ಕೈಚೆಲ್ಲಿದಾಗ, ಹಿಂದೆ ಅದೇ ಹಡಗಿನ ಕಪ್ತಾನರಾಗಿದ್ದ ಮಾರ್ಗನ್ ಗೈಲ್ಸ್ ಮುಂದಾಳಾಗಿ ಟ್ರಸ್ಟೊಂದು ಎದ್ದಿತು. ಅದೇ ಅಕ್ಟೋಬರ್‌ನಲ್ಲಿ ಹಡಗು ಥೇಮ್ಸ್ ನದಿಯಲ್ಲಿ ಜನರಿಗೆ ತೆರೆಯಿತು, ಇಂದಿಗೂ ಅಲ್ಲಿದೆ.

ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕಾಗಲಿಲ್ಲ? ಪ್ರೀತಿ ಇರಲಿಲ್ಲ ಎನ್ನುವಂತಿಲ್ಲ. ಬ್ರಿಟನ್ನಿನಲ್ಲೇ ಹುಟ್ಟಿದ ‘ವಿಕ್ರಾಂತ್’ 1997ರಲ್ಲಿ ನಿವೃತ್ತವಾಗಿ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಯಿತು. ತಳ ಶಿಥಿಲವಾಗಿ 2012ರಲ್ಲಿ ಬಾಗಿಲು ಮುಚ್ಚಿತು. ಉಳಿಸಿ ಎಂಬ ಮೊರೆ ಸುಪ್ರೀಂ ಕೋರ್ಟಿಗೆ ಹೋದರೂ ಫಲಿಸದೆ 2014ರಲ್ಲಿ ಒಡೆಯುವ ಕೆಲಸ ಶುರುವಾಯಿತು. ‘ವಿರಾಟ್’ 2017ರಲ್ಲಿ ನಿವೃತ್ತವಾಯಿತು. ಅದನ್ನು ಉಳಿಸುವ 852 ಕೋಟಿ ರೂಪಾಯಿಯ ಯೋಜನೆಗೆ ಮಹಾರಾಷ್ಟ್ರದ ಸಚಿವ ಸಂಪುಟ 2018ರಲ್ಲಿ ಒಪ್ಪಿಗೆಯನ್ನೂ ಕೊಟ್ಟಿತ್ತು; ಕಾರ್ಯಕ್ಕೆ ಬರಲಿಲ್ಲ. 2020ರಲ್ಲಿ ಹಡಗು ಗುಜರಾತಿನ ಅಲಂಗ್ ದಡ ಮುಟ್ಟಿತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಗುವ ವೇಳೆಗೆ ಸುಮಾರು ಶೇ 40ರಷ್ಟು ಹಡಗೇ ಇರಲಿಲ್ಲ. ಊರಿಗೆ ಊರೇ ಕಣ್ಣೀರಿಟ್ಟರೂ ಕತ್ತರಿಸಿದ ತಗಡು ಕೂಡಿಕೊಳ್ಳುವುದಿಲ್ಲ.

ಇದಕ್ಕೆ ಎದುರಾಗಿ ಕಾರವಾರದ ಉದಾಹರಣೆ ನೋಡಿ. ‘ಚಾಪೆಲ್’ ಎಂಬ ಪುಟ್ಟ ಕ್ಷಿಪಣಿ ದೋಣಿ 1976ರಲ್ಲಿ ಸೇವೆಗೆ ಸೇರಿ, 2005ರಲ್ಲಿ ನಿವೃತ್ತವಾಯಿತು. ಮರುವರ್ಷವೇ ಅದು ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ಅದನ್ನು ನೀರಿನಲ್ಲಿ ತೇಲಿಸದೆ ನೆಲದ ಮೇಲೆ ಕೂರಿಸಿದ್ದಾರೆ. ಕಡಲ ಗಾಳಿಯ ತುಕ್ಕು ಅದಕ್ಕೂ ತಪ್ಪಿದ್ದಲ್ಲ, ಆದರೆ ಮುಳುಗುವ ಭಯವಿಲ್ಲ. ಎರಡೂ ಸಂಗತಿಗಳಲ್ಲಿ ಪಾಠವಿದೆ: ಜಾಗ ಬೇಗ ಗೊತ್ತಾಗಬೇಕು, ಮತ್ತು ಕೈಗೆಟಕುವಷ್ಟನ್ನೇ ಉಳಿಸಬೇಕು.

ಇಡೀ ಹಡಗು ಆಗದಿದ್ದರೆ ಒಂದು ಭಾಗವಾದರೂ ಸರಿ. ‘ಮೈಸೂರಿಗಿಂತ’ ಮೊದಲು ಬಂದ ಐಎನ್‌ಎಸ್ ದೆಹಲಿ, ಹಿಂದೆ ನ್ಯೂಜಿಲೆಂಡಿನವರು ಕಾದಾಡಿದ ‘ಅಕಿಲಿಸ್’. ಅದು 1978ರಲ್ಲಿ ನಿವೃತ್ತವಾಗಿ ಒಡೆದುಹೋಯಿತು. ಆದರೆ ಅದರ ಫಿರಂಗಿ ಗೋಪುರವೊಂದನ್ನು ಭಾರತ ಕಾಣಿಕೆಯಾಗಿ ಕೊಟ್ಟಿತು. ಅದು ಆಕ್ಲೆಂಡಿನ ನೌಕಾನೆಲೆಯಲ್ಲಿ ನಿಂತಿದೆ. ಅಲ್ಲಿನ ಮೊಮ್ಮಕ್ಕಳಿಗೆ ಅಜ್ಜಂದಿರ ಹಡಗನ್ನು ಮುಟ್ಟಿ ನೋಡಲು ಅಷ್ಟಾದರೂ ಉಳಿದಿದೆ.

ಮೈಸೂರು ಎಂಬ ಹೆಸರು ಕಡಲಿನಲ್ಲಿ ಅಳಿದಿಲ್ಲ. ಮುಂಬಯಿಯ ಮಝಗಾಂವ್‌ನಲ್ಲಿ ಕಟ್ಟಿದ ಎರಡನೆಯ ಐಎನ್‌ಎಸ್ ಮೈಸೂರು 1999ರ ಜೂನ್ 2ರಂದು ಸೇವೆಗೆ ಸೇರಿತು. ಅದರ ಲಾಂಛನದಲ್ಲಿರುವುದು ಗಂಡಭೇರುಂಡ. ಅದಕ್ಕೂ ಒಂದು ದಿನ ವಯಸ್ಸಾಗುತ್ತದೆ. ಅದರ ಗಂಟೆಗೋ ಲಂಗರಿಗೋ ಫಿರಂಗಿಗೋ ಈ ನಾಡಿನಲ್ಲಿ ಒಂದು ಜಾಗ ಬೇಕೆಂದರೆ, ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಕಾಯಬಾರದು. ಹಡಗಿನ ಬಾವುಟ ಇನ್ನೂ ಹಾರುತ್ತಿರುವಾಗಲೇ ಕೇಳಬೇಕು.